ಐಸಿಯುನಲ್ಲಿ ನರ್ಸ್ ಕೊಟ್ಟ ದೀಕ್ಷಾಸ್ನಾನ (ಬ್ಯಾಪ್ಟಿಸಂ): ಫಾದರ್ ಮತ್ತೆ ಕೊಡಬೇಕಾ? ನಿಮ್ಮ ಅನುಭವ ಹೇಳಿ

ಮಗುವಿನ ಅಮ್ಮ, ಬೆಂಗಳೂರು:
ನಮ್ಮ ಮಗಳು ಏಳು ತಿಂಗಳಿಗೇ ಹುಟ್ಟಿದಳು. ಮೊದಲ ರಾತ್ರಿಯೇ ಉಸಿರು ನಿಲ್ಲುವ ಹಾಗಾಯಿತು. ಫಾದರ್ ಫೋನಿಗೆ ಸಿಗಲಿಲ್ಲ, ನನ್ನ ಗಂಡನನ್ನು ಒಳಗೆ ಬಿಡಲಿಲ್ಲ. ಡ್ಯೂಟಿಯಲ್ಲಿದ್ದ ನರ್ಸ್ ಹಿಂದೂ ಹುಡುಗಿ. ಇವರು ಬಾಗಿಲಲ್ಲಿ ನಿಂತು ಹೇಳಿಕೊಟ್ಟ ಹಾಗೆ ಅವಳೇ ನೀರು ಹಾಕಿ ದೀಕ್ಷಾಸ್ನಾನ ಕೊಟ್ಟಳು. ಈಗ ಮಗು ಮನೆಗೆ ಬಂದಿದೆ. ಫಾದರ್ ‘ಮತ್ತೆ ನೀರು ಹಾಕೋದಿಲ್ಲ, ಉಳಿದ ವಿಧಿ ಮಾತ್ರ ಮಾಡ್ತೀನಿ’ ಅಂದರು. ಅತ್ತೆ ಒಪ್ಪುತ್ತಿಲ್ಲ. ನಾವು ಲ್ಯಾಟಿನ್ (ರೋಮಿನ ಪದ್ಧತಿಯ) ಕಥೋಲಿಕರು. ಹೀಗಾದವರು ಏನು ಮಾಡಿದಿರಿ?

ಕರಾವಳಿಯ ಸೊಸೆ:
ನಮ್ಮ ಮಗನಿಗೆ ನೀರು ಹಾಕಿದ್ದು ನನ್ನ ಅತ್ತೆ. ಅವರಿಗೆ ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ, ಇಳಿಯೋದೂ ಬೇಡ. ಆಮೇಲೆ ಚರ್ಚಿನಲ್ಲಿ ಕ್ರಿಸ್ಮಾ ಅನ್ನೋ ಪವಿತ್ರ ತೈಲ ಹಚ್ಚಿದರು, ಬಿಳಿ ಬಟ್ಟೆ ಹೊದಿಸಿದರು, ಮೇಣದಬತ್ತಿ ಹಚ್ಚಿ ಕೊಟ್ಟರು. ಅಷ್ಟೇ ವಿಧಿ. ಆದರೆ ಅದಕ್ಕಾದ ಖರ್ಚು ಕೇಳಿ. ಹಾಲ್‌ಗೆ 18,000. ಊಟ ಪ್ಲೇಟಿಗೆ 420, 160 ಪ್ಲೇಟು ಹೇಳಿದ್ದೆವು, ಹಂದಿ ಮಾಂಸಕ್ಕೆ ಬೇರೆ ದುಡ್ಡು. ಅಡ್ವಾನ್ಸ್ 25,000 ಕೊಟ್ಟಾಗಿತ್ತು. ಸಮಾರಂಭಕ್ಕೆ ಎರಡು ದಿನ ಇರುವಾಗ ಮಗುವಿಗೆ ಕಫ ಕಟ್ಟಿ ಮತ್ತೆ ಅಡ್ಮಿಟ್. ಕ್ಯಾಟರಿಂಗ್‌ನವನು ‘ಮಾಂಸ ತಂದಾಯ್ತು’ ಅಂತ ಒಂದು ಪೈಸೆ ವಾಪಸ್ ಕೊಡಲಿಲ್ಲ. ಹಾಲ್‌ನವರು ಬೇರೆ ತಾರೀಕು ಕೊಟ್ಟರು, ಅದಕ್ಕೂ 3,000 ಜಾಸ್ತಿ. ಕೇಕ್ ಮಾತ್ರ ಫ್ರಿಜ್ಜಿನಲ್ಲಿ ಉಳಿಯಿತು. ಆ ದುಡ್ಡು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿವೃತ್ತ ನರ್ಸ್, ಮೈಸೂರು:
ಹುಟ್ಟಿದ ಮಕ್ಕಳ ಐಸಿಯುನಲ್ಲೇ ನನ್ನ ಸರ್ವೀಸ್ ಮುಗಿಯಿತು. ಅಪ್ಪ ಅಮ್ಮ ಕೇಳಿಕೊಂಡಾಗೆಲ್ಲ ನಾನೇ ದೀಕ್ಷಾಸ್ನಾನ ಕೊಟ್ಟಿದ್ದೇನೆ. ಹೇಗೆ ಅಂತ ಯಾರೂ ಸರಿಯಾಗಿ ಹೇಳೋದಿಲ್ಲ. ಇನ್‌ಕ್ಯುಬೇಟರ್ ಒಳಗೆ ಚೊಂಬಿನಲ್ಲಿ ನೀರು ಸುರಿಯೋಕಾಗುತ್ತಾ? ಸ್ಟೆರೈಲ್ ನೀರನ್ನು ಸಿರಿಂಜಿಗೆ ಎಳೆದು, ಸೂಜಿ ತೆಗೆದು, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಬೇಕು. ಪಕ್ಕದ ಕಿಂಡಿಯಿಂದ ಕೈ ಹಾಕಿ, ಟೇಪು ಅಂಟಿಸಿರದ ಕಡೆ ಹಣೆ ಮೇಲೆ ಹನಿ ಹನಿಯಾಗಿ ಬಿಡಬೇಕು. ನೀರು ಚರ್ಮದ ಮೇಲೆ ಹರಿಯಬೇಕು, ಒದ್ದೆ ಹತ್ತಿಯಲ್ಲಿ ಒರೆಸಿದರೆ ಸಾಲದು. ಜೊತೆಯಲ್ಲೇ ‘ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಅನ್ನಬೇಕು. ಕೊಡುವವರು ಹಿಂದೂ ಆದರೂ ಮುಸ್ಲಿಂ ಆದರೂ, ಚರ್ಚ್ ಮಾಡುವುದನ್ನೇ ಮಾಡುತ್ತೇನೆ ಅನ್ನೋ ಮನಸ್ಸಿದ್ದರೆ ಅದು ಪೂರ್ತಿ ದೀಕ್ಷಾಸ್ನಾನ. 1439ರಲ್ಲಿ ಫ್ಲಾರೆನ್ಸ್‌ನಲ್ಲಿ ಸೇರಿದ್ದ ಬಿಷಪರ ಮಹಾಸಭೆಯೇ ಹೇಳಿದ್ದು ಇದು. ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಸೀರೆ ಕೊಡಿ.

ಸೀರೋ ಮಲಬಾರ್, ನರಸಿಂಹರಾಜಪುರ ಕಡೆ:
ಸುಮ್ನೆ ಎಲ್ಲರಿಗೂ ಅನ್ವಯಿಸುತ್ತೆ ಅನ್ನೋ ಹಾಗೆ ಬರೆಯಬೇಡಿ ಅಕ್ಕ. ನಾವೂ ಕಥೋಲಿಕರೇ, ಆದರೆ ಲ್ಯಾಟಿನ್ ಅಲ್ಲ, ಕೇರಳ ಮೂಲದ ಪೌರ್ವಾತ್ಯ ಸಭೆಯವರು. 1990ರ ನಮ್ಮ ಪೌರ್ವಾತ್ಯ ಸಭೆಗಳ ಕಾನೂನಿನಲ್ಲಿ, ತುರ್ತಿನಲ್ಲೂ ಕೊಡುವವರು ಕ್ರೈಸ್ತರೇ ಆಗಿರಬೇಕು. ಅಪ್ಪ ಅಮ್ಮ ಕೊಡಬಹುದು, ಬೇರೆ ಧರ್ಮದವರ ಮಾತು ಅಲ್ಲಿಲ್ಲ. ನಮ್ಮ ಮಗುವಿಗೆ ಕೊಟ್ಟದ್ದು ನನ್ನ ಗಂಡನ ಹಿಂದೂ ಸ್ನೇಹಿತ, ಡಾಕ್ಟರ್. ನಮ್ಮ ಅಚ್ಚ (ಫಾದರ್) ಕೂತು ಕಾಗದ ಎಲ್ಲ ನೋಡಿ, ‘ನಿನಗೆ ದೀಕ್ಷಾಸ್ನಾನ ಆಗಿರದಿದ್ದರೆ’ ಅನ್ನುವ ಷರತ್ತು ಸೇರಿಸಿ ಮತ್ತೆ ಕೊಟ್ಟರು. ಅದೇ ದಿನ ತೈಲ ಹಚ್ಚಿ, ದೀಕ್ಷಾಸ್ನಾನವನ್ನು ಗಟ್ಟಿ ಮಾಡುವ ದೃಢೀಕರಣವನ್ನೂ ಕೊಟ್ಟರು. ನಮ್ಮಲ್ಲಿ ಅದು ಕೂಸಿಗೇ ಆಗುತ್ತೆ, ಬಿಷಪ್ ಬರಲಿ ಅಂತ ಕಾಯೋದಿಲ್ಲ. ನನ್ನ ಮನಸ್ಸು ನಿರಾಳವಾದದ್ದು ಆವತ್ತೇ.

ನಿವೃತ್ತ ನರ್ಸ್, ಮೈಸೂರು:
ಅವರು ಲ್ಯಾಟಿನ್ ಅಂತ ಪ್ರಶ್ನೆಯಲ್ಲೇ ಬರೆದಿದ್ದಾರೆ. ಓದಿ ಉತ್ತರ ಕೊಡಿ. ಹೆತ್ತು ಸುಸ್ತಾಗಿರೋ ತಾಯಿಗೆ ಇಲ್ಲದ ಭಯ ಹುಟ್ಟಿಸಬೇಡಿ.

ಸೀರೋ ಮಲಬಾರ್, ನರಸಿಂಹರಾಜಪುರ ಕಡೆ:
ಭಯ ಹುಟ್ಟಿಸಿದ್ದು ಎಲ್ಲಿ? ನನ್ನ ಮಗುವಿನ ವಿಷಯ ಹೇಳಿದೆ. ನಾನು ಹೆತ್ತಿಲ್ವಾ?

ಹಾಸನದ ಮಗ:
ಮಗುವಿಗೆ ನೀರು ಯಾರು ಬೇಕಾದರೂ ಹಾಕಬಹುದು. ಸಾಯುತ್ತಿರುವ ಅಪ್ಪನಿಗೆ ಪ್ರಾರ್ಥಿಸಿ ಪವಿತ್ರ ತೈಲ ಹಚ್ಚೋಕೆ ಮಾತ್ರ ಗುರುಗಳೇ, ಅಂದರೆ ಫಾದರೇ ಬೇಕು. ಇದನ್ನು ನನಗೆ ಯಾರಾದರೂ ಬಿಡಿಸಿ ಹೇಳಿ. ನಮ್ಮ ಅಪ್ಪ ಇದ್ದ ಆಸ್ಪತ್ರೆ ನಡೆಸುತ್ತಿದ್ದವರೇ ಸಿಸ್ಟರ್‌ಗಳು, ಅಂದರೆ ಕ್ರೈಸ್ತ ಸನ್ಯಾಸಿನಿಯರು. ಸಂಜೆ ಒಬ್ಬ ಸಿಸ್ಟರ್ ಪರಮಪ್ರಸಾದ (ಪೂಜೆಯ ಪವಿತ್ರ ರೊಟ್ಟಿ) ತಂದು ಕೊಟ್ಟರು. ತೈಲವನ್ನೂ ಹಚ್ಚಿ ಅಂದರೆ ಕೈ ಮುಗಿದು ನಿಂತರು. ಅಲ್ಲಿನ ಗುರುಗಳು ಊರಲ್ಲಿಲ್ಲ. ಪಕ್ಕದ ಊರಿನವರನ್ನು ಕರೆತರೋಕೆ ಕಾರು ಕಳಿಸಿದೆ. ಬಾಡಿಗೆ 2,800, ಕಾದಿದ್ದಕ್ಕೆ 600, ರಾತ್ರಿ ಬಾಟಾ 300. ಅವರು ಬರುವಷ್ಟರಲ್ಲಿ ಡಾಕ್ಟರ್ ‘ಹೋದರು’ ಅಂದಾಗಿತ್ತು. ‘ಸತ್ತವರಿಗೆ ಈ ತೈಲದ ಸಂಸ್ಕಾರ ಇಲ್ಲ’ ಅಂತ ಪ್ರಾರ್ಥನೆ ಮಾತ್ರ ಮಾಡಿದರು. ಅಪ್ಪನ ಕೈ ಇನ್ನೂ ಬೆಚ್ಚಗಿತ್ತು. ಪ್ರಾಣ ಹೋಗಿದೆಯೋ ಇಲ್ಲವೋ ಅನ್ನೋ ಅನುಮಾನ ಇದ್ದರೆ ಹಚ್ಚಬೇಕು ಅಂತ 1983ರ ಲ್ಯಾಟಿನ್ ಚರ್ಚ್ ಕಾನೂನಿನಲ್ಲೇ ಇದೆ, 1005ನೇ ವಿಧಿ. ಆಮೇಲೆ ನಾನೇ ಹುಡುಕಿ ಓದಿದೆ. ತೈಲ ಇಲ್ಲದಿದ್ದರೆ ಅಡುಗೆಮನೆಯ ಕೊಬ್ಬರಿ ಎಣ್ಣೆಯನ್ನೇ ಗುರುಗಳು ಆಶೀರ್ವದಿಸಿ ಹಚ್ಚಬಹುದು. ಎಣ್ಣೆಗೆ ವಿನಾಯಿತಿ ಇದೆ, ಹಚ್ಚುವ ಕೈಗೆ ಇಲ್ಲ.

ನಿವೃತ್ತ ನರ್ಸ್, ಮೈಸೂರು:
ನಿಮ್ಮ ಸಂಕಟ ಅರ್ಥವಾಗುತ್ತೆ ಮಗ. ಆ ತೈಲದ ಜೊತೆ ಪಾಪಕ್ಷಮೆಯೂ ಇದೆ. ಪಾಪನಿವೇದನೆ ಕೇಳುವ ಅಧಿಕಾರ ಇದ್ದವರೇ ಹಚ್ಚಬೇಕು ಅನ್ನೋದು ಅದಕ್ಕೇ. ಗುರುಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಡೀಕನ್‌ಗೂ ಇಲ್ಲ. ಸಿಸ್ಟರ್ ಮೇಲೆ ಕೋಪ ಬೇಡ.

ಹಾಸನದ ಮಗ:
ಸಿಸ್ಟರ್ ಮೇಲೆ ಕೋಪ ಅಂತ ನಾನೆಲ್ಲಿ ಬರೆದೆ? ಫೋನ್ ಎತ್ತದವರ ಮೇಲೆ ಕೋಪ.

ಹುಬ್ಬಳ್ಳಿ ಸಿಎಸ್‌ಐ:
ನಾವು ಸಿಎಸ್‌ಐ, ಅಂದರೆ ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆಯವರು. ನಮ್ಮಲ್ಲಿ ದೀಕ್ಷಾಸ್ನಾನ, ಕರ್ತನ ಭೋಜನ, ಇವೆರಡೇ ಸಂಸ್ಕಾರ. ಅಯ್ಯನವರು (ಪಾಸ್ಟರ್) ಬರಲಿಲ್ಲ ಅಂದರೆ ಸಭೆಯ ಹಿರಿಯರು ಬಂದು ಪ್ರಾರ್ಥಿಸುತ್ತಾರೆ. ಯಾಕೋಬನ ಪತ್ರಿಕೆ 5ರಲ್ಲಿ ಸಭೆಯ ಹಿರಿಯರನ್ನು ಕರೆಸಲಿ ಅಂತಲೇ ಇದೆ. ನಮ್ಮ ತಾಯಿ ಹೋದಾಗ ಆರು ಮನೆಯವರು ಹಾಸಿಗೆ ಸುತ್ತ ನಿಂತು ಹಾಡಿದರು. ಯಾರಿಗೂ ಕಾರು ಕಳಿಸಲಿಲ್ಲ.

ಹಾಸನದ ಮಗ:
ನಿಮ್ಮ ತಾಯಿಗೆ ನೆಮ್ಮದಿ ಸಿಕ್ಕಿತು, ಸಂತೋಷ. ನಮ್ಮ ಅಪ್ಪ ಕೇಳಿದ್ದು ತೈಲ. ಕಾರಿನ ಮಾತು ಎತ್ತಿ ಚುಚ್ಚಬೇಡಿ.

ಕರಾವಳಿಯ ಸೊಸೆ:
ದಯವಿಟ್ಟು ಜಗಳ ಸಾಕು. ದುಡ್ಡಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ಆ ಸಮಾರಂಭದ ದಿನ ಚರ್ಚಿನಲ್ಲಿ ಕಾಣಿಕೆ, ಹೂವು, ಲೈಟು ಅಂತ 4,500 ಕೇಳಿದರು.

ಸೀರೋ ಮಲಬಾರ್, ನರಸಿಂಹರಾಜಪುರ ಕಡೆ:
67,200ರ ಊಟ ಹಾಕಿಸಿದವರು ಚರ್ಚಿಗೆ 4,500 ಕೊಟ್ಟಿದ್ದಕ್ಕೆ ದೂರುತ್ತೀರಾ?

ಕರಾವಳಿಯ ಸೊಸೆ:
ಊಟ ನಮ್ಮಿಷ್ಟ. ಸಂಸ್ಕಾರಕ್ಕೆ ಬಿಷಪರು ಗೊತ್ತುಮಾಡಿದ ಕಾಣಿಕೆಗಿಂತ ಹೆಚ್ಚು ಕೇಳಬಾರದು, ದುಡ್ಡಿಲ್ಲ ಅಂತ ಬಡವರಿಗೆ ಸಂಸ್ಕಾರ ತಪ್ಪಿಸಬಾರದು. ಇದೂ ನಿಯಮವೇ. ನಮ್ಮ ಹಿಂದೆ ನಿಂತಿದ್ದ ಮನೆಗೆಲಸದವಳ ಹತ್ತಿರವೂ ಅಷ್ಟೇ ಕೇಳಿದರು, ಅವಳು ಮಗು ಎತ್ತಿಕೊಂಡು ವಾಪಸ್ ಹೋದಳು. ನಾನು ದೂರುತ್ತಿರೋದು ಅದನ್ನು.

ಮಗುವಿನ ಅಮ್ಮ, ಬೆಂಗಳೂರು:
ಎಲ್ಲರಿಗೂ ಥ್ಯಾಂಕ್ಸ್. ನರ್ಸಮ್ಮನ ಉತ್ತರವನ್ನು ಅತ್ತೆಗೆ ಓದಿ ಹೇಳಿದೆ. ಈಗ ಅವರ ತಕರಾರು ಬೇರೆ. ಚರ್ಚಿನ ರಿಜಿಸ್ಟರ್‌ನಲ್ಲಿ ದೀಕ್ಷಾಸ್ನಾನ ಕೊಟ್ಟವರ ಹೆಸರು ಅಂತ ಆ ಹುಡುಗಿಯ ಹೆಸರು ಬರುತ್ತಾ?

ನಿವೃತ್ತ ನರ್ಸ್, ಮೈಸೂರು:
ಬರಲೇಬೇಕು. ಕೊಟ್ಟವರು, ಸಾಕ್ಷಿ, ಜಾಗ, ತಾರೀಕು ಎಲ್ಲ ಬರೆಸಿ. ನಿಮ್ಮ ಗಂಡ ಬಾಗಿಲಲ್ಲಿ ನಿಂತು ನೋಡಿದ್ದಾರಲ್ವಾ, ಸಾಕ್ಷಿ ಅವರೇ. ಮೊದಲ ಪರಮಪ್ರಸಾದಕ್ಕೂ ಮದುವೆಗೂ ಆ ಸರ್ಟಿಫಿಕೇಟ್ ಕೇಳುತ್ತಾರೆ. ಈ ವಾರವೇ ಹೋಗಿ, ಆ ಹುಡುಗಿ ಕೆಲಸ ಬಿಟ್ಟು ಬೇರೆ ಊರಿಗೆ ಹೋಗುವ ಮುಂಚೆ.