ಹೊಸ ಎಲೆಕ್ಟ್ರಿಕ್ ಗಿಟಾರ್: ಒಂದೇ ಫ್ರೆಟ್‌ನಲ್ಲಿ ಜರ್ ಸದ್ದು, ಆಂಪ್‌ನಲ್ಲಿ ಗುಂಯ್. ರಿಪೇರಿ ಮಾಡಿಸಲಾ, ವಾಪಸ್ ಕಳಿಸಲಾ?

ಪ್ರಶ್ನೆ (ಮಂಡ್ಯ):
ನಮಸ್ಕಾರ. ಆನ್‌ಲೈನ್‌ನಲ್ಲಿ ಹೊಸ ಗಿಟಾರ್ ತರಿಸಿದೆ, ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಒಂದೇ ಸುರುಳಿಯ ಭಾಗ) ಇರುವ ಮಾದರಿ. ತೆಳು ತಂತಿಯನ್ನು ಒಂಬತ್ತನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿದರೆ ಜರ್ ಅನ್ನುತ್ತದೆ. ಅಕ್ಕಪಕ್ಕ ಎಲ್ಲ ಚೆನ್ನಾಗಿದೆ. ನೆಕ್ ಅಂಚಿನಲ್ಲಿ ಕೈ ಜಾರಿಸಿದರೆ ಫ್ರೆಟ್ ತುದಿಗಳು ಚುಚ್ಚುತ್ತವೆ. ಆಂಪ್‌ಗೆ (ಆಂಪ್ಲಿಫೈಯರ್) ಹಾಕಿದರೆ ಗುಂಯ್ ಅಂತ ಸದ್ದು, ತಂತಿ ಮುಟ್ಟಿದರೂ ಕಮ್ಮಿ ಆಗುವುದಿಲ್ಲ. ಮಾರಿದವರು ‘ಸೆಟಪ್ ಮಾಡಿಸಿಕೊಳ್ಳಿ, ಸರಿ ಹೋಗುತ್ತೆ’ ಎನ್ನುತ್ತಿದ್ದಾರೆ. ವಾಪಸ್ ಕಳಿಸುವ ಗಡುವು ಮುಗಿಯುತ್ತಾ ಬಂತು. ಟ್ರಸ್ ರಾಡ್ (ನೆಕ್ ಒಳಗೆ ಬಾಗು ಸರಿಮಾಡುವ ಲೋಹದ ಸರಳು) ನಾನೇ ತಿರುಗಿಸಿ ನೋಡಲಾ?

ಉತ್ತರ (ಮೈಸೂರು):
ಟ್ರಸ್ ರಾಡ್ ಮುಟ್ಟಬೇಡಿ. ಯಾವ ಸ್ಕ್ರೂ ಕೂಡ ಬೇಡ. ಈಗ ನೀವು ಏನೇ ತಿರುಗಿಸಿದರೂ ನಾಳೆ ‘ನೀವೇ ಕೆಡಿಸಿದ್ದು’ ಅನ್ನುವುದಕ್ಕೆ ದಾರಿ ಆಗುತ್ತದೆ. ಮೊದಲು ಮೂರೂ ತೊಂದರೆಗಳನ್ನು ವಿಡಿಯೊ ಮಾಡಿಟ್ಟುಕೊಳ್ಳಿ, ಹೆಡ್‌ಸ್ಟಾಕ್ (ನೆಕ್ ತುದಿಯ ತಲೆ) ಹಿಂದಿನ ಸೀರಿಯಲ್ ನಂಬರ್ ಕಾಣುವ ಹಾಗೆ.

ಸೆಟಪ್ ಅಂದರೆ ನೆಕ್‌ನ ಬಾಗು, ತಂತಿಯ ಎತ್ತರ, ಇಂಟೋನೇಶನ್ (ಎಲ್ಲ ಫ್ರೆಟ್‌ನಲ್ಲೂ ಸ್ವರ ಸರಿಯಾಗಿ ಬರುವುದು) ಸರಿಮಾಡುವುದು. ಅಷ್ಟೇ. ನಿಮ್ಮ ತೊಂದರೆ ಯಾವುದೂ ಅದರಲ್ಲಿ ಬರುವುದಿಲ್ಲ. ಬಾಗು ಕಮ್ಮಿಯಾಗಿದ್ದರೆ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಸಾಲಾಗಿ ಜರ್ ಅನ್ನುತ್ತದೆ, ತಂತಿ ತೀರಾ ಕೆಳಗಿದ್ದರೆ ನೆಕ್ ಪೂರ್ತಿ ಅನ್ನುತ್ತದೆ, ಆದರೆ ಒಂದೇ ಜಾಗದಲ್ಲಿ ಅಂದರೆ ಅದರ ಮುಂದಿನ ಫ್ರೆಟ್ ಎದ್ದು ನಿಂತಿದೆ ಅಂತಲೇ ಜಾಸ್ತಿ ಅನುಮಾನ. ನಿಮ್ಮ ಗಿಟಾರ್‌ನಲ್ಲಿ ಅದು ಹತ್ತನೆಯದು. ಇದನ್ನು ಮುಚ್ಚುವುದಕ್ಕೆ ತಂತಿ ಎತ್ತರಿಸಿ ಕೊಡುವವರೂ ಇದ್ದಾರೆ. ಸದ್ದು ಹೋಗುತ್ತದೆ, ಬೆರಳು ನೋಯುತ್ತದೆ.

ಪರೀಕ್ಷೆಗೆ ಎಟಿಎಂ ಕಾರ್ಡ್ ಸಾಕು. ಅದರ ಚಿಕ್ಕ ಅಂಚು ಸುಮಾರು 54 ಮಿ.ಮೀ. ನಿಮ್ಮ ಮಾದರಿಯ ಗಿಟಾರ್‌ಗಳ ಸ್ಕೇಲ್ (ನುಡಿಯುವ ತಂತಿಯ ಉದ್ದ) ಸಾಮಾನ್ಯವಾಗಿ 648 ಮಿ.ಮೀ. ಇರುವುದರಿಂದ ಒಂಬತ್ತರಿಂದ ಹನ್ನೊಂದರವರೆಗೆ 42 ಮಿ.ಮೀ. ಆಗುತ್ತದೆ. ಅಂದರೆ ಆ ಅಂಚು ಸರಿಯಾಗಿ ಮೂರೇ ಫ್ರೆಟ್ ಮೇಲೆ ಕೂರುತ್ತದೆ. ತೆಳು ತಂತಿಯ ಪಕ್ಕದಲ್ಲಿ, ನೆಕ್ ಉದ್ದಕ್ಕೆ ಕಾರ್ಡ್ ನಿಲ್ಲಿಸಿ ಮೆಲ್ಲಗೆ ಒತ್ತಿ. ಟಕ್ ಟಕ್ ಅಂತ ತೂಗಾಡಿದರೆ ನಡುವಿನ ಫ್ರೆಟ್ ಎತ್ತರ ಇದೆ. ಆಮೇಲೆ ಆ ಫ್ರೆಟ್ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಕೆಳಗೆ ಹೋಗಿ ಮತ್ತೆ ಮೇಲೆ ಬಂದರೆ ಅದು ಸೀಳಿನಲ್ಲಿ ಸರಿಯಾಗಿ ಕೂತೇ ಇಲ್ಲ.

ಚುಚ್ಚುವ ತುದಿಗಳ ವಿಷಯ ಬೇರೆ. ಹವೆ ಒಣಗಿದಾಗ ಫ್ರೆಟ್‌ಬೋರ್ಡ್ ಅಗಲದಲ್ಲಿ ಸ್ವಲ್ಪ ಕುಗ್ಗುತ್ತದೆ, ಲೋಹ ಹಾಗೆ ಕುಗ್ಗುವುದಿಲ್ಲ, ತುದಿ ಹೊರಗೆ ಬರುತ್ತದೆ. ನಮ್ಮ ಕಡೆ ಫೆಬ್ರವರಿಯಿಂದ ಮಳೆ ಬೀಳುವವರೆಗೂ ಇದು ಮಾಮೂಲಿ. ಅರ ಹಾಕಿ ನಯ ಮಾಡಿಸಬಹುದು. ಇದೊಂದೇ ಆಗಿದ್ದರೆ ವಾಪಸ್ ಕಳಿಸಿ ಅಂತ ನಾನು ಹೇಳುತ್ತಿರಲಿಲ್ಲ.

ಗುಂಯ್ ಸದ್ದು ನನಗೆ ಜಾಸ್ತಿ ಚಿಂತೆ. ಸಿಂಗಲ್ ಕಾಯಿಲ್‌ನಲ್ಲಿ ಕರೆಂಟಿನ 50 ಹರ್ಟ್ಸ್ ಹಮ್ ಇದ್ದದ್ದೇ, ಆದರೆ ತಂತಿ ಮುಟ್ಟಿದ ಕೂಡಲೇ ಸ್ವಲ್ಪವಾದರೂ ಇಳಿಯಬೇಕು. ಇಳಿಯದಿದ್ದರೆ ಬ್ರಿಡ್ಜ್‌ಗೆ (ಗಿಟಾರ್ ಮೈಮೇಲೆ ತಂತಿಗಳು ಕೂರುವ ಲೋಹದ ಭಾಗ) ಹೋಗುವ ಅರ್ತ್ ವೈರ್ ಬಿಟ್ಟಿರಬಹುದು. ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಆಂಪ್‌ನ ಮೂರು ಪಿನ್ ಪ್ಲಗ್ಗನ್ನು ಅರ್ತ್ ಇರುವ ಸಾಕೆಟ್‌ಗೇ ಹಾಕಿ. ಎರಡು ಪಿನ್ ಅಡಾಪ್ಟರ್ ಬೇಡವೇ ಬೇಡ, ಹಮ್ ಜೊತೆಗೆ ಶಾಕ್ ಹೊಡೆಯುವ ಅಪಾಯವೂ ಇದೆ. ತಂತಿ ಮುಟ್ಟಿದಾಗ ಜುಮ್ ಅಂದರೆ ತಕ್ಷಣ ಬಿಟ್ಟು, ಮನೆಯ ವೈರಿಂಗ್ ತೋರಿಸಿ.

ಇನ್ನು ಆ ಅರ್ತ್ ವೈರ್ ನೋಡುವುದಕ್ಕೆ ಮಲ್ಟಿಮೀಟರ್. ಕೇಬಲ್‌ನ ಒಂದು ತುದಿ ಗಿಟಾರ್‌ನಲ್ಲಿರಲಿ, ಇನ್ನೊಂದನ್ನು ಆಂಪ್‌ನಿಂದ ಕಿತ್ತಿಡಿ. ಮೀಟರ್ ಬೀಪ್ ಮೋಡ್‌ನಲ್ಲಿಟ್ಟು ಒಂದು ಪ್ರೋಬ್ ಆ ಪ್ಲಗ್‌ನ ಬುಡದ ಲೋಹಕ್ಕೆ, ಇನ್ನೊಂದು ಬ್ರಿಡ್ಜ್‌ಗೆ. ಬೀಪ್ ಬರಲೇಬೇಕು. ಇದನ್ನೂ ವಿಡಿಯೊ ಮಾಡಿ.

ಇನ್ನೊಬ್ಬರ ಉತ್ತರ (ಮೈಸೂರು):
ಒಂದು ಮಾತು ಸೇರಿಸುತ್ತೇನೆ. ಇಲ್ಲಿ ವೀಣೆ ರಿಪೇರಿ ಮಾಡುವವರ ಹತ್ತಿರ ಫ್ರೆಟ್ ಸರಿ ಮಾಡಿಸಬಹುದಾ ಅಂತ ಸುಮಾರು ಜನ ಕೇಳುತ್ತಾರೆ. ಅವರ ಕೈಗೆ ನಮಸ್ಕಾರ, ಆದರೆ ಕೆಲಸ ಬೇರೆ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಮೇಣ ಮೆತ್ತಗೆ ಮಾಡಿ ಮತ್ತೆ ಕೂರಿಸಬಹುದು. ಗಿಟಾರ್ ಫ್ರೆಟ್ಟನ್ನು ಮರದ ಸೀಳಿಗೆ ಒತ್ತಿ ಇಳಿಸಿರುತ್ತಾರೆ. ತಗ್ಗಿಸಬೇಕಾದರೆ ಉಜ್ಜಿ ಮಟ್ಟ ಮಾಡಿ, ತಲೆಯನ್ನು ಮತ್ತೆ ದುಂಡಗೆ ತೀಡಬೇಕು. ಅದಕ್ಕೆ ಗಿಟಾರ್ ಕೆಲಸದವರೇ ಬೇಕು.

ಪ್ರಶ್ನೆ ಕೇಳಿದವರು:
ಕಾರ್ಡ್ ತೂಗಾಡಿತು, ಹತ್ತನೇ ಫ್ರೆಟ್ಟೇ. ಒತ್ತಿದರೆ ಅಲ್ಲಾಡುವುದಿಲ್ಲ. ಎರಡು ಕೇಬಲ್ ಹಾಕಿ ನೋಡಿದೆ, ಬೀಪ್ ಬರಲೇ ಇಲ್ಲ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ವೈರ್ ನಾನೇ ಬೆಸುಗೆ ಹಾಕಿದರೆ? ಸಾಲ್ಡರಿಂಗ್ ಬರುತ್ತೆ.

ಉತ್ತರ (ಮೈಸೂರು):
ಬೆಸುಗೆ ಸಣ್ಣ ಕೆಲಸ, ನಿಮ್ಮಿಂದ ಆಗುತ್ತದೆ. ಈ ಮಾದರಿಯಲ್ಲಿ ಆ ವೈರ್ ಹಿಂದಿನ ಸ್ಪ್ರಿಂಗ್ ಹಿಡಿದಿರುವ ಕೊಕ್ಕೆಗೆ ಸೇರಿರುತ್ತದೆ. ಆದರೆ ಹತ್ತನೇ ಫ್ರೆಟ್ ಹಾಗೇ ಉಳಿಯುತ್ತದೆ ಅಲ್ವಾ? ನೀವು ದುಡ್ಡು ಕೊಟ್ಟಿದ್ದು ಹೊಸ ವಾದ್ಯಕ್ಕೆ. ಬದಲಿ ಕೇಳಿ.

ಫೋನಿನಲ್ಲಿ ಬೇಡ, ಇಮೇಲ್‌ನಲ್ಲೇ ಬರೆಯಿರಿ. ‘ಹತ್ತನೇ ಫ್ರೆಟ್ ಎತ್ತರ ಇದೆ, ಬ್ರಿಡ್ಜ್‌ಗೆ ಅರ್ತ್ ಇಲ್ಲ, ಇವು ತಯಾರಿಕೆಯ ದೋಷ, ವಿಡಿಯೊ ಲಗತ್ತಿಸಿದ್ದೇನೆ’ ಅಂತ ಇಷ್ಟೇ ಇರಲಿ. ಗಡುವಿನೊಳಗೇ ಕಳಿಸಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದರ ಮೇಲೂ ಆಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಮಾರಿದವರು ಯಾವ ಊರಲ್ಲೇ ಇರಲಿ, ನೀವು ಮಂಡ್ಯ ಬಿಟ್ಟು ಹೋಗಬೇಕಿಲ್ಲ.

ಪ್ರಶ್ನೆ ಕೇಳಿದವರು:
ಇಮೇಲ್ ಮಾಡಿದೆ. ಬದಲಿ ಕಳಿಸಲು ಒಪ್ಪಿದ್ದಾರೆ! ಬಂದ ಮೇಲೆ ಮೊದಲು ಏನು ನೋಡಲಿ?

ಉತ್ತರ (ಮೈಸೂರು):
ತುಂಬ ಸಂತೋಷ. ಡಬ್ಬ ಬಿಚ್ಚುವುದನ್ನೇ ವಿಡಿಯೊ ಮಾಡಿ. ಟ್ಯೂನ್ ಮಾಡಿ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ನುಡಿಸಿ, ಬೇಜಾರಾದರೂ ಒಂದನ್ನೂ ಬಿಡಬೇಡಿ. ಆಮೇಲೆ ಮೀಟರ್ ಬೀಪ್. ನಟ್ (ತಲೆಯ ಬಳಿ ತಂತಿಗಳು ಹಾದುಹೋಗುವ ಪಟ್ಟಿ) ಕೂಡ ನೋಡಿ: ಎರಡು ಮತ್ತು ಮೂರನೇ ಫ್ರೆಟ್ ನಡುವೆ ತಂತಿ ಒತ್ತಿದರೆ ಮೊದಲ ಫ್ರೆಟ್ ಮೇಲೆ ಕಾಗದದಷ್ಟು ಸಂದು ಇರಬೇಕು. ಅದಕ್ಕಿಂತ ತುಂಬ ಜಾಸ್ತಿ ಇದ್ದರೆ ತೆರೆದ ತಂತಿಗಳು ಟ್ಯೂನ್ ಆಗಿದ್ದರೂ ಮೊದಲ ಫ್ರೆಟ್‌ನ ಸ್ವರ ಮೇಲಕ್ಕೆ ಹೋಗುತ್ತದೆ. ಅದನ್ನು ಸೆಟಪ್ ಮಾಡಿಸುವಾಗ ಸರಿ ಮಾಡಿಸಬಹುದು. ಇವೆಲ್ಲ ಮುಗಿಯುವವರೆಗೆ ಹಳೆಯ ಪ್ಯಾಕಿಂಗ್ ಎಸೆಯಬೇಡಿ.