ಟ್ರಿನಿಡಾಡ್‌ಗೆ ಹೋಗುವ ಕುಟುಂಬಗಳು ಮಕ್ಕಳ ಭಾಷೆಯ ಬಗ್ಗೆ ಯೋಚಿಸಬೇಕಾದದ್ದು

ಸದಸ್ಯ ಮಿತ್ರರಿಗೆ ನಮಸ್ಕಾರ.

ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್‌ನಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಭಾರತೀಯ ಮೂಲದವರೇ ಆಗಿರುವುದರಿಂದ ಅಲ್ಲಿ ಬೆಳೆಯುವ ಮಕ್ಕಳಿಗೆ ನಮ್ಮ ಭಾಷೆ ಮತ್ತು ಸಂಸ್ಕೃತಿ ತಾವಾಗಿಯೇ ಒಲಿಯುತ್ತವೆ ಎಂಬ ಅಭಿಪ್ರಾಯ ಚರ್ಚೆಯಲ್ಲಿ ಬಂದಿದೆ. ಆ ದ್ವೀಪದ ಇತಿಹಾಸವನ್ನು ನೋಡಿದರೆ, ಸಂಸ್ಕೃತಿಯ ಮಟ್ಟಿಗೆ ಇದು ಬಹುಪಾಲು ನಿಜ, ಭಾಷೆಯ ಮಟ್ಟಿಗೆ ನಿಜವಲ್ಲ.

ಗುಲಾಮಗಿರಿ 1838ರಲ್ಲಿ ಪೂರ್ಣವಾಗಿ ಕೊನೆಗೊಂಡ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗು ಭಾರತದ ಮೊದಲ ಕರಾರು ಕೂಲಿಗಳನ್ನು ಅಲ್ಲಿಗೆ ತಂದಿಳಿಸಿತು. 1917ರವರೆಗೆ ಹೀಗೆ ಬಂದವರು ಸುಮಾರು 1.4 ಲಕ್ಷ ಜನ. ಕೆಲವರು ಮದ್ರಾಸಿನಿಂದ ಹೊರಟವರಾದರೂ ಹೆಚ್ಚಿನವರು ಕಲ್ಕತ್ತಾದಲ್ಲಿ ಹಡಗು ಹತ್ತಿದ, ಭೋಜಪುರಿ ಮತ್ತು ಅವಧಿ ಎಂಬ ಉತ್ತರ ಭಾರತದ ಭಾಷೆಗಳನ್ನು ಆಡುತ್ತಿದ್ದ ರೈತಾಪಿ ಜನ. ಪರವಾನಗಿ ಚೀಟಿಯಿಲ್ಲದೆ ತೋಟದಿಂದ ಹೊರಗೆ ಕಾಲಿಡಲಾಗದ ಸ್ಥಿತಿಯಲ್ಲೂ ಅವರು ರಾಮಲೀಲೆಯನ್ನು, ಹೋಳಿಯನ್ನು, ಮೊಹರಮ್ಮನ್ನು ಉಳಿಸಿಕೊಂಡರು. ಹಿಂದೂ ವಿಧಿಯ ಮದುವೆಗೆ 1940ರ ದಶಕದವರೆಗೂ ಕಾನೂನಿನ ಮಾನ್ಯತೆ ಇರಲಿಲ್ಲವೆಂಬುದನ್ನು ನೆನೆದರೆ ಅವರ ಛಲದ ಬಗ್ಗೆ ನನ್ನ ಗೌರವ ಇನ್ನಷ್ಟು ಹೆಚ್ಚುತ್ತದೆ.

ಆದರೂ ಭೋಜಪುರಿ ಉಳಿಯಲಿಲ್ಲ. ಜಾನ್ ಮಾರ್ಟನ್ ಎಂಬ ಕೆನಡಾದ ಪಾದ್ರಿ 1868ರಲ್ಲಿ ಆರಂಭಿಸಿದ ಮಿಷನ್ ಶಾಲೆಗಳು ಕೂಲಿಗಳ ಮಕ್ಕಳಿಗೆ ಅಕ್ಷರ ಕೊಟ್ಟು ದೊಡ್ಡ ಉಪಕಾರ ಮಾಡಿದವು. ಆದರೆ ಗುಮಾಸ್ತರೋ ಶಿಕ್ಷಕರೋ ಆಗಬೇಕೆಂದವರಿಗೆ ಇಂಗ್ಲಿಷ್ ಒಂದೇ ದಾರಿಯಾಯಿತು. ಮನೆಯ ಮಾತು ಕೆಟ್ಟ ಹಿಂದಿಯೆಂಬ ಕೀಳರಿಮೆ ಆಡುವವರಲ್ಲೇ ಬೆಳೆದು, ಹಿರಿಯರು ತಮ್ಮ ತಮ್ಮಲ್ಲಿ ಭೋಜಪುರಿ ಆಡಿಕೊಂಡು ಮಕ್ಕಳೊಡನೆ ಇಂಗ್ಲಿಷಿಗೆ ಹೊರಳಿದರು. ಇಂದಿನ ಯುವಕರು ಧೋಲಕ್ ಮತ್ತು ಧಂತಾಲ್ ಎಂಬ ಲೋಹದ ಕೋಲಿನ ವಾದ್ಯ ಕೂಡಿದ, ಚಟ್ನಿ ಎಂದು ಕರೆಯುವ ಅಲ್ಲಿನ ಭಾರತೀಯ ಮೂಲದವರ ಸಂಗೀತಕ್ಕೆ ಕುಣಿಯುತ್ತಾರೆ, ಅಜ್ಜಿಯನ್ನು ಆಜಿ, ನಾನಿ ಎಂದೇ ಕರೆಯುತ್ತಾರೆ, ಆದರೆ ಆ ಭಾಷೆಯಲ್ಲಿ ಒಂದು ಪೂರ್ಣ ಸಂಭಾಷಣೆ ನಡೆಸಬಲ್ಲವರು ಅವರಲ್ಲಿ ಬಹಳ ವಿರಳ. ಊರಿಗೆ ಊರೇ ಆಡುತ್ತಿದ್ದ ಮಾತಿಗೆ ಹೀಗಾಗಿರುವಾಗ, ಬೆರಳೆಣಿಕೆಯ ಕನ್ನಡ ಮನೆಗಳು ನೆರೆಹೊರೆಯನ್ನು ನಂಬಿ ಕೂರುವಂತಿಲ್ಲ. ತಂದೆತಾಯಿ ಮಕ್ಕಳೊಡನೆ ನೇರವಾಗಿ ಕನ್ನಡದಲ್ಲೇ ಮಾತನಾಡಬೇಕು. ವಾರಕ್ಕೊಂದು ತರಗತಿ ಅದರ ಜಾಗವನ್ನು ತುಂಬಲಾರದು.

ಇಷ್ಟು ಹೇಳಿ, ಮಕ್ಕಳನ್ನು ಭಾರತೀಯರ ವಲಯದೊಳಗೇ ಇರಿಸಬೇಡಿರೆಂದೂ ಕೋರುತ್ತೇನೆ. ಆಫ್ರಿಕಾ ಮೂಲದ ಬಡ ಯುವಕರು ಎಣ್ಣೆಯ ಪೀಪಾಯಿಗಳನ್ನು ಬಡಿದು ಹದಗೊಳಿಸಿ ರೂಪಿಸಿದ ಸ್ಟೀಲ್‌ಪ್ಯಾನ್ ಆ ನೆಲದ ಹೆಮ್ಮೆಯ ವಾದ್ಯ. ಅವಕಾಶ ಸಿಕ್ಕರೆ ಮಕ್ಕಳಿಗೆ ಕಲಿಸಿರಿ. ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನವನ್ನೂ ತೋರಿಸಿರಿ: 1976ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್‌ನಲ್ಲಿ ಭಾರತ ನಾಲ್ಕನೆಯ ಇನಿಂಗ್ಸ್‌ನಲ್ಲಿ 403 ರನ್ನುಗಳ ಗುರಿ ಮುಟ್ಟಿದಾಗ ನಮ್ಮ ಜಿ. ಆರ್. ವಿಶ್ವನಾಥ್ 112 ರನ್ ಹೊಡೆದದ್ದು, ಬ್ರಿಜೇಶ್ ಪಟೇಲ್ ಕೊನೆಯವರೆಗೂ ಔಟಾಗದೆ ನಿಂತದ್ದು ಅಲ್ಲಿಯೇ.

ಹವೆಯ ಬಗ್ಗೆ ಅಂಜಿಕೆ ಬೇಡ. ದ್ವೀಪವು ದಕ್ಷಿಣ ಅಮೆರಿಕದ ವೆನೆಜುವೆಲಾದ ಕರಾವಳಿಗೆ ಸುಮಾರು 11 ಕಿಲೋಮೀಟರ್ ದೂರದಲ್ಲಿ, ಚಂಡಮಾರುತಗಳ ಮುಖ್ಯ ಪಥದ ದಕ್ಷಿಣಕ್ಕಿರುವುದರಿಂದ ಅವುಗಳ ನೇರ ಹೊಡೆತ ಅಪರೂಪ. ಶಾಲೆಯ ವಿಷಯದಲ್ಲಿ ಮಾತ್ರ ಮುಂಚಿತವಾಗಿ ವಿಚಾರಿಸುವುದು ಅಗತ್ಯ: ಪ್ರಾಥಮಿಕ ಶಿಕ್ಷಣದ ಕೊನೆಯಲ್ಲಿ, ಹನ್ನೊಂದು ಹನ್ನೆರಡರ ವಯಸ್ಸಿಗೆ, ಮಕ್ಕಳು ಎಸ್‌ಇಎ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕಾಗಿದ್ದು, ಯಾವ ಪ್ರೌಢಶಾಲೆ ಸಿಗುತ್ತದೆಂಬುದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ಆ ವಯಸ್ಸಿನ ಮಗುವಿರುವವರು ಸ್ಥಳಾಂತರದ ತಿಂಗಳನ್ನು ಇದಕ್ಕೆ ಹೊಂದಿಸಿಕೊಳ್ಳುವುದು ಒಳ್ಳೆಯದು.