ಸಹಾಯ ಬೇಕು: ಕುಂಬಳೆಯಿಂದ ಶಾರ್ಜಾಕ್ಕೆ ಹೊರಟ ಹಿರಿಯರ ಕೋವಿಡ್ ಲಸಿಕೆ ಮತ್ತು ಪರೀಕ್ಷೆಯ ಕುರಿತು

ಮಾನ್ಯರೇ, ನಮಸ್ಕಾರ.

ಶಾರ್ಜಾದಲ್ಲಿರುವ ನನ್ನ ತಮ್ಮನ ಮನೆಗೆ ತಂದೆ ತಾಯಿಯವರನ್ನು ಇದೇ 2021ರ ಅಕ್ಟೋಬರ್ ಮೊದಲ ವಾರ ಪ್ರವಾಸಿ ವೀಸಾದಲ್ಲಿ ಕಳುಹಿಸಬೇಕೆಂದಿದ್ದೇವೆ. ಯುಎಇ ಆಗಸ್ಟ್ 30ರಿಂದ ಪ್ರವಾಸಿಗರಿಗೆ ಮತ್ತೆ ಬಾಗಿಲು ತೆರೆದಿದೆಯಾದರೂ, ವಿಶ್ವ ಆರೋಗ್ಯ ಸಂಸ್ಥೆ ಅಂಗೀಕರಿಸಿದ ಲಸಿಕೆಯನ್ನು ಪೂರ್ಣವಾಗಿ ಪಡೆದವರಿಗಷ್ಟೇ ಈ ಅವಕಾಶ ಎಂದಿದೆ. ತಂದೆಯವರದು ಕೋವಿಶೀಲ್ಡ್, ಚಿಂತೆಯಿಲ್ಲ. ತಾಯಿಯವರದು ಕೋವ್ಯಾಕ್ಸಿನ್, ಅದು ಇನ್ನೂ ಆ ಪಟ್ಟಿಗೆ ಸೇರಿಲ್ಲ. ಲಸಿಕೆಗೆ ಸರದಿ ನಿಂತ ದಿನ ಶಿಬಿರದಲ್ಲಿ ಇದ್ದದ್ದನ್ನು ಹಾಕಿಸಿಕೊಂಡವರು ಅವರು, ಆರಿಸಿಕೊಳ್ಳುವ ಭಾಗ್ಯ ಆಗ ಯಾರಿಗಿತ್ತು? ಕೋವ್ಯಾಕ್ಸಿನ್ ಪಡೆದ ಹಿರಿಯರನ್ನು ಇತ್ತೀಚೆಗೆ ಅಲ್ಲಿಗೆ ಕರೆಸಿಕೊಂಡವರು ನಿಮ್ಮಲ್ಲಿ ಇದ್ದರೆ, ಯಾವ ದಾರಿ ಹಿಡಿದಿರೆಂದು ದಯವಿಟ್ಟು ತಿಳಿಸಿ.

ಎರಡನೆಯದು ಕೇರಳ-ಕರ್ನಾಟಕ ಗಡಿಯ ವಿಷಯ. ಮಂಗಳೂರು ವಿಮಾನ ನಿಲ್ದಾಣ ನಮಗೆ ಹತ್ತಿರ, ಆದರೆ ಆ ಗಡಿಯಲ್ಲಿರುವ ತಲಪಾಡಿ ದಾಟಲು ಈ 2021ರ ನಿಯಮದಂತೆ ಲಸಿಕೆ ಪಡೆದವರೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕು. ಯುಎಇಗೆ ಬೇಕಾದದ್ದು ಮಾದರಿ ಕೊಟ್ಟ ಹೊತ್ತಿನಿಂದ 48 ಗಂಟೆಯೊಳಗಿನ, ಕ್ಯೂಆರ್ ಕೋಡ್ ಇರುವ ವರದಿ. ಅದಲ್ಲದೆ ವಿಮಾನ ಹೊರಡುವ ಕೆಲವೇ ಗಂಟೆ ಮೊದಲು ನಿಲ್ದಾಣದಲ್ಲಿಯೇ ಇನ್ನೊಂದು ರ‍್ಯಾಪಿಡ್ ಪರೀಕ್ಷೆ. ಕಾಸರಗೋಡಿನಲ್ಲಿ ಮಾಡಿಸಿದ ಒಂದೇ 48 ಗಂಟೆಯ ವರದಿಯನ್ನು ತಲಪಾಡಿಯಲ್ಲಿಯೂ ವಿಮಾನ ಸಂಸ್ಥೆಯ ಕೌಂಟರಿನಲ್ಲಿಯೂ ತೋರಿಸಿ ಹೋದವರು ಇದ್ದಾರೆಯೇ? ಅಥವಾ ಈ ಗೋಜಲೇ ಬೇಡವೆಂದು, ದೂರವಾದರೂ ಕೇರಳದಲ್ಲಿಯೇ ಇರುವ ಕಣ್ಣೂರು ನಿಲ್ದಾಣಕ್ಕೆ ಹೋಗುವುದು ಮೇಲೇ?

ತಂದೆಯವರ ಕೋವಿನ್ (ಸರ್ಕಾರದ ಲಸಿಕೆ ಜಾಲತಾಣ) ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸಂಖ್ಯೆ ಸೇರಿಸಿಯಾಗಿದೆ. ಆದರೆ ಪಾಸ್‌ಪೋರ್ಟಿನಲ್ಲಿರುವ ಮನೆತನದ ಹೆಸರು ಅದರಲ್ಲಿ ಬಂದಿಲ್ಲ. ತಿದ್ದಿಸಿದ ಅನುಭವವಿರುವವರು ಹೇಳಿದರೆ ಉಪಕಾರವಾಗುತ್ತದೆ. ಟಿಕೆಟ್ ಇನ್ನೂ ತೆಗೆದಿಲ್ಲ, ನಿಮ್ಮ ಉತ್ತರ ನೋಡಿಯೇ ತೆಗೆಯುತ್ತೇವೆ.